ಪಾಲಿಗೆ ಕೊಟ್ಟ ಹಾಸ್ಟೆಲು

ಮೊಮ್ಮಗಳ ಹಾಸ್ಟೆಲಿನ ಗೇಟಿನ ಪಕ್ಕದ ಗೋಡೆಗೆ ಒಂದು ಕರಿಕಲ್ಲಿನ ಫಲಕ ಕೂಡಿಸಿದ್ದಾರೆ. ನಾನು ನಾಲ್ಕನೇ ಇಯತ್ತೆಯವರೆಗೆ ಕಲಿತವಳು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಅವಳನ್ನು ಮೊದಲ ಸಲ ಈ ಹಾಸ್ಟೆಲಿಗೆ ಬಿಡಲು ಹೋದ ದಿನ ಬಿಸಿಲಲ್ಲಿ ನಿಂತು ಅದನ್ನು ಓದಿದೆ. ಸಾರ್ವಜನಿಕ ಖಾಸಗಿ ಸಹಭಾಗಿತ್ವದಲ್ಲಿ ನಿರ್ಮಿಸಿದ ವಿದ್ಯಾರ್ಥಿನಿಯರ ವಸತಿ ನಿಲಯ ಎಂದು ಬರೆದಿತ್ತು. ಅದರ ಕೆಳಗೆ ಯಾರು ಅಡಿಗಲ್ಲು ಹಾಕಿದರು, ಯಾರು ರಿಬ್ಬನ್ ಕತ್ತರಿಸಿದರು ಎಂಬುದಿತ್ತು. ಅದನ್ನು ಓದಲು ಹೋಗಲಿಲ್ಲ.

"ಸಹಭಾಗಿತ್ವ ಅಂದ್ರ ಏನವ್ವಾ?" ಎಂದು ಮೊಮ್ಮಗಳನ್ನು ಕೇಳಿದೆ.

"ಜಾಗಾ ಯುನಿವರ್ಸಿಟಿದು ಆಯಿ. ಕಟ್ಟಿದ್ದು ಕಂಪನಿ. ಮೂವತ್ತು ವರ್ಷ ಕಂಪನೀನೇ ನಡಸ್ತದ, ಬಾಡಿಗಿ ತಗೋತದ. ಆಮ್ಯಾಲ ಯುನಿವರ್ಸಿಟಿಗೆ ಬಿಟ್ಟು ಹೋಗ್ತದ."

"ಹೊಲಾ ಪಾಲಿಗೆ ಹಾಕಿದಂಗ ಅನ್ನು."

"ಹಂಗ ತಿಳಕೋ."

ಪಾಲಿನ ಹೊಲ ನನಗೆ ಗೊತ್ತಿರುವ ಸಂಗತಿ. ಗಂಡ ಬದುಕಿದ್ದಾಗ ನಾವಿಬ್ಬರೂ ಪಾಲಿಗೆ ಹೊಲ ಮಾಡಿಯೇ ತಿಂದವರು. ಅದರಲ್ಲೂ ಮೋಸ ಇದೆ, ಜಗಳ ಇದೆ. ಆದರೆ ರಾಶಿಯ ದಿನ ಹೊಲದ ಮಾಲೀಕನೂ ಕಣಕ್ಕೆ ಬರುತ್ತಾನೆ, ಪಾಲಿನವನೂ ಬರುತ್ತಾನೆ. ಮಳೆ ಹೊಡೆದರೆ ಇಬ್ಬರ ಜೋಳವೂ ಕಪ್ಪಾಗುತ್ತದೆ. ಬೈಯಬೇಕೆಂದರೆ ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ. ಈ ಹಾಸ್ಟೆಲಿನಲ್ಲಿ ಬೈಯಬೇಕಾದರೆ ಯಾರನ್ನು ಬೈಯುವುದು ಎಂದು ಆ ದಿನ ನನಗೆ ಹೊಳೆಯಲಿಲ್ಲ. ಕಟ್ಟಡ ಚೆನ್ನಾಗಿತ್ತು. ನೆಲ ಹೊಳೆಯುತ್ತಿತ್ತು. ಅಷ್ಟಕ್ಕೇ ಖುಷಿಯಾಗಿ ಮರಳಿ ಕಮಲಾಪುರದ ಬಸ್ಸು ಹತ್ತಿದೆ.

ಕಮಲಾಪುರದಿಂದ ಕಲಬುರಗಿ ಏನೂ ದೂರವಲ್ಲ. ದಿನಾ ಬಂದು ಹೋಗುವ ಹುಡುಗಿಯರು ಬೇಕಾದಷ್ಟು ಮಂದಿ. ನಮ್ಮ ಹುಡುಗಿಗೆ ಮಾತ್ರ ಅದು ಆಗದ ಮಾತಾಗಿತ್ತು, ಅದಕ್ಕೆ ಕಾರಣ ಅವಳ ಓದು. ಎಂ.ಎಸ್ಸಿ. ಕೊನೆಯ ವರ್ಷ, ಗಿಡಮರಗಳ ವಿದ್ಯೆ. ನಮ್ಮೂರಿನ ಕೆಂಪು ಬಾಳೆಯನ್ನೇ ಹಿಡಿದುಕೊಂಡಿದ್ದಳು. ಬಾಳೆಯ ಕಂದಿನ ತುದಿಯನ್ನು ಉಗುರಿನಷ್ಟು ಕತ್ತರಿಸಿ ಗಾಜಿನ ಬಾಟಲಿಯಲ್ಲಿ ಇಟ್ಟು, ಒಂದರಿಂದ ಹತ್ತು ಮೊಳಕೆ ತೆಗೆಯುವ ಕೆಲಸ. ಒಂದು ಧೂಳಿನ ಕಣ ಬಿದ್ದರೂ ಬಾಟಲಿಗೆ ಬೂಷ್ಟು ಹಿಡಿಯುತ್ತದಂತೆ. ಅದಕ್ಕೆಂದೇ ಗಾಳಿ ಊದುವ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಕೈ ಹಾಕಿ ಕತ್ತರಿಸಬೇಕು. ಅಂಥ ಪೆಟ್ಟಿಗೆ ಇಡೀ ವಿಭಾಗಕ್ಕೆ ಒಂದೇ. ಹಗಲೆಲ್ಲ ಡಾಕ್ಟರೇಟು ಮಾಡುವ ದೊಡ್ಡವರದು. ಇವಳ ಪಾಳಿ ಬರುವುದು ದೀಪ ಹಚ್ಚಿದ ಮೇಲೆ.

ನನ್ನ ಮಗ ಅವಳ ಅಪ್ಪ. ಗೂಡ್ಸ್ ಆಟೋದಲ್ಲಿ ಬಾಳೆಗೊನೆ ಹೇರಿಕೊಂಡು ಕಲಬುರಗಿಗೆ ಹೋಗಿ ಬರುತ್ತಾನೆ. ಆ ರಸ್ತೆಯ ಕತ್ತಲು ಅವನಿಗೆ ಗೊತ್ತು, ಕತ್ತಲಾದ ಮೇಲಿನ ಬಸ್ಸಿನಲ್ಲಿ ಯಾರು ಹತ್ತುತ್ತಾರೆ ಎಂಬುದೂ ಗೊತ್ತು. "ಹಾಸ್ಟೆಲ್ ಇದ್ರ ಓದು, ಇಲ್ಲಂದ್ರ ಮನಿ. ನಡುವಿಂದು ಯಾವುದೂ ಇಲ್ಲ" ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ. ಮೊದಲ ವರ್ಷ ಅವಳಿದ್ದ ವಿಶ್ವವಿದ್ಯಾಲಯದ ಹಳೆಯ ಹಾಸ್ಟೆಲು ಛತ್ತು ಸೋರಿ ಬಂದ್ ಆಗಿತ್ತು. ಹೊರಗೆ ರೂಮು ನೋಡಲು ಅಪ್ಪ ಮಗಳು ಒಂದು ದಿನವೆಲ್ಲ ತಿರುಗಿದರು. ಪ್ರತಿ ಮನೆಯಲ್ಲೂ ಮೊದಲು ಊರು ಕೇಳಿದರು, ಆಮೇಲೆ "ನೀವು ಯಾವ ಮಂದಿ?" ಎಂದರು. ನಾವು ಬುದ್ಧನ ಹಾದಿ ಹಿಡಿದ ಮನೆಯವರು. ಅದಕ್ಕೂ ಮೊದಲು ಏನಾಗಿದ್ದೆವು ಎಂಬುದನ್ನು ಕೇಳುವವರು ಹೇಳದೆಯೇ ತಿಳಿದುಕೊಳ್ಳುತ್ತಾರೆ. ಎಲ್ಲ ಕಡೆಯೂ ರೂಮು ಆಗಷ್ಟೇ ಬಾಡಿಗೆಗೆ ಹೋಗಿತ್ತು.

ಹಾಗಾಗಿ ಉಳಿದದ್ದು ಈ ಪಾಲಿನ ಹಾಸ್ಟೆಲು ಒಂದೇ. ಹಿಂದಿನ ಭಾಗದ ಮಂಚಗಳನ್ನು ಬಡ ಹುಡುಗಿಯರಿಗೆ ಕಡಿಮೆ ಬಾಡಿಗೆಗೆ ಕೊಡಬೇಕು ಎಂದು ಕರಾರಿನಲ್ಲಿ ಇತ್ತಂತೆ. ಅವುಗಳಲ್ಲಿ ಒಂದು ಇವಳಿಗೆ ಸಿಕ್ಕಿತು. ಆ ಮಂಚ ಇದ್ದರೆ ಓದು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು.

ಮುಂದಿನ ಭಾಗ ಬೇರೆಯೇ ಇತ್ತು. ಅದು ಪೂರಾ ಬಾಡಿಗೆ ಕೊಡುವವರದು. ರೂಮಿಗೇ ಅಂಟಿಕೊಂಡ ಬಚ್ಚಲು, ಕಿಟಕಿಗೆ ಪರದೆ. ನೀರು ಬಿಟ್ಟರೆ ಮೊದಲು ಅಲ್ಲಿಗೆ ಏರುತ್ತಿತ್ತು, ಉಳಿದದ್ದು ಹಿಂದಕ್ಕೆ. ಹಿಂದಿನ ಹುಡುಗಿಯರು ಬಕೆಟು ಹಿಡಿದು ಮುಂದಿನ ಭಾಗಕ್ಕೆ ಹೋಗಿ ನೀರು ತರುತ್ತಿದ್ದರು. ಅಲ್ಲಿಯೇ ಸ್ನೇಹ ಬೆಳೆದದ್ದು.

ಊಟದ ಮೆಸ್ಸು ಎಲ್ಲರಿಗೂ ಒಂದೇ, ಕಂಪನಿಯದೇ. ತಿನ್ನಲಿ ಬಿಡಲಿ ಅದರ ಹಣ ಕೊಡಲೇಬೇಕು. ಮೊದಲ ವಾರವೇ ಮೊಮ್ಮಗಳ ಫೋನು ಬಂತು.

"ಆಯಿ, ಮೂರೂ ಹೊತ್ತು ಅನ್ನ. ಸಾಂಬಾರಿನ್ಯಾಗ ಮಾರಿ ಕಾಣ್ತದ."

"ಚಲೋ ಆತು, ಕನ್ನಡಿ ಖರ್ಚು ಉಳೀತು."

"ನಗಬ್ಯಾಡ. ರೊಟ್ಟಿ ಕಳಸು."

ಬುತ್ತಿ ಕಳಿಸುವುದು ನಮ್ಮ ಕಡೆ ಹೊಸದೇನಲ್ಲ. ಊರಿನಿಂದ ಪಟ್ಟಣಕ್ಕೆ ಓದಲು ಹೋದ ಮಕ್ಕಳಿಗೆ ಬೆಳಗಿನ ಬಸ್ಸಿನಲ್ಲಿ ಡಬ್ಬಿ ಹೋಗುತ್ತದೆ. ಡ್ರೈವರನ ಹಿಂದಿನ ಜಾಗದಲ್ಲಿ ಬಟ್ಟೆ ಸುತ್ತಿದ ಡಬ್ಬಿಗಳು ಸಾಲಾಗಿ ಕೂತಿರುತ್ತವೆ, ಟಿಕೆಟಿಲ್ಲದ ಮಂದಿಯ ಹಾಗೆ. ಒಂದೊಂದು ಬಟ್ಟೆಗೆ ಒಂದೊಂದು ಗುರುತು. ನನ್ನದು ಹಳೆಯ ಇಳಕಲ್ ಸೀರೆಯ ತುಂಡು. ಕಲಬುರಗಿ ಬಸ್ ನಿಲ್ದಾಣದಲ್ಲಿ ಒಬ್ಬ ಆಟೋದವ ಅವನ್ನೆಲ್ಲ ಇಳಿಸಿಕೊಂಡು ಹಾಸ್ಟೆಲುಗಳ ಗೇಟಿಗೆ ಮುಟ್ಟಿಸುತ್ತಿದ್ದ, ಮಧ್ಯಾಹ್ನ ಖಾಲಿ ಡಬ್ಬಿ ತಂದು ತಿರುಗಿ ಬಸ್ಸಿಗೆ ಹಾಕುತ್ತಿದ್ದ. ಹಾಸ್ಟೆಲಿನ ಗೋಡೆಗೆ 'ಹೊರಗಿನ ಆಹಾರ ನಿಷೇಧ' ಎಂದು ಬರೆದಿತ್ತಂತೆ. ಅದು ಹೋಟೆಲಿನಿಂದ ತರಿಸುವವರಿಗೆ ಎಂದು ನಾವು ತಿಳಿದೆವು. ಮನೆಯ ಬುತ್ತಿ ಹೊರಗಿನದು ಹೇಗಾಗುತ್ತದೆ?

ನಾನು ಒಬ್ಬಳಿಗೆ ಸಾಕಾಗುವಷ್ಟು ರೊಟ್ಟಿ ಬಡಿದು ಯಾವತ್ತೂ ಕಳಿಸಿದವಳಲ್ಲ. ಬುತ್ತಿ ಬಿಚ್ಚಿದರೆ ಪಕ್ಕದಲ್ಲಿ ಕೂತವರಿಗೂ ಹೋಗಬೇಕು, ಇಲ್ಲದಿದ್ದರೆ ತಿನ್ನುವವಳ ಗಂಟಲಲ್ಲಿ ಇಳಿಯುವುದಿಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಒಂದೊಂದು ದಿನ ಜುಣಕ. ಮೊದಲು ರೂಮಿನ ಹುಡುಗಿಯರು ತಿಂದರು. ಆಮೇಲೆ ಮುಂದಿನ ಭಾಗದವರೂ ಬರತೊಡಗಿದರು. ಅವರಲ್ಲಿ ಒಬ್ಬಳು ಆಳಂದದ ಕಡೆಯವಳು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಅಜ್ಜ ಪೂಜೆ ಪುನಸ್ಕಾರದವನು, ಅಪ್ಪ ಬ್ಯಾಂಕಿನಲ್ಲಿ. ಅವಳಿಗೆ ನನ್ನ ಪುಂಡಿಪಲ್ಯದ ಹುಚ್ಚು ಹಿಡಿಯಿತು. ಮೊಮ್ಮಗಳ ಫೋನು ಕಸಿದುಕೊಂಡು ನನ್ನ ಹತ್ತಿರ ಮಾತಾಡುತ್ತಿದ್ದಳು.

"ಆಜೀ, ಇವತ್ತ ಹಿಂಡಿ ಜರಾ ಕಡಿಮಿ ಬಿತ್ರಿ. ನಿಮ್ಮ ಮೊಮ್ಮಗಳು ನಂಗ ಒಂದ ಚಮಚ ಕೊಟ್ಟಳು, ಭಾಳ ಜೀನ ಇದ್ದಾಳ್ರಿ."

"ನಿನ್ನ ನಾಲಗಿ ಉದ್ದದ, ಅದಕ್ಕ ಕಡಿಮಿ ಬೀಳ್ತದ."

ಅವಳು ಫೋನಿನಲ್ಲಿ ನಕ್ಕರೆ ನಮ್ಮ ಅಡುಗೆಮನೆಗೆಲ್ಲ ಕೇಳುತ್ತಿತ್ತು. ನಾನು ಮೆತ್ತನೆಯ ಮಾತಿನ ಹೆಂಗಸಲ್ಲ. ಆದರೂ ಒಂದು ಮಾತು ಹೇಳಬೇಕು. ನನ್ನ ರೊಟ್ಟಿ ಅಲ್ಲಿಯವರೆಗೆ ನಮ್ಮ ಓಣಿ ದಾಟಿ ಯಾರ ಮನೆಗೂ ಹೋದದ್ದಿಲ್ಲ. ಊರಿನ ಮದುವೆಗೆ ರೊಟ್ಟಿ ಬಡಿಯಲು ಹತ್ತು ಮನೆಯ ಹೆಂಗಸರನ್ನು ಕರೆಯುತ್ತಿದ್ದರು, ನಮ್ಮನ್ನು ಕರೆಯುತ್ತಿದ್ದುದು ಪಾತ್ರೆ ಬೆಳಗಲು. ಈ ಹುಡುಗಿ ಅದೇ ಕೈಯ ರೊಟ್ಟಿಗೆ ಜಗಳ ಆಡುತ್ತಿದ್ದಳು. ಆ ದಿನಗಳಲ್ಲಿ ನಾನು ಬೆಳಿಗ್ಗೆ ಬೇಗ ಏಳುತ್ತಿದ್ದೆ, ಸೊಸೆ ಕರೆಯುವ ಮೊದಲೇ.

ಇನ್ನೊಂದು ಪದ್ಧತಿ ಇದೆ. ಯಾರ ಮನೆಯಿಂದಾದರೂ ತುಂಬಿದ ಪಾತ್ರೆ ಬಂದರೆ ಅದನ್ನು ಖಾಲಿ ಕಳಿಸುವುದಿಲ್ಲ. ಒಂದು ಹಿಡಿ ಜೋಳ, ಒಂದು ಚಮಚ ಸಕ್ಕರೆ, ಏನೂ ಇಲ್ಲದಿದ್ದರೆ ಎರಡು ಎಸಳು ಕರಿಬೇವಾದರೂ ಹಾಕಿ ಕಳಿಸುತ್ತಾರೆ. ಆ ಹುಡುಗಿಯರೂ ಅಂಥ ಮನೆಗಳಲ್ಲೇ ಹುಟ್ಟಿ ಬೆಳೆದವರು. ಆದರೆ ಹಾಸ್ಟೆಲಿನ ಕೋಣೆಯಲ್ಲಿ ಜೋಳ ಎಲ್ಲಿಂದ ಬರಬೇಕು, ಸಕ್ಕರೆ ಎಲ್ಲಿಂದ ಬರಬೇಕು? ಮೊದಲು ಒಂದು ಚಾಕಲೇಟು ಬಂತು. ಆಮೇಲೆ ಬಿಸ್ಕತ್ತಿನ ಪುಡಿಕೆ, ತಲೆಪಿನ್ನು, ಒಂದು ಸಲ ಶಾಂಪೂ ಪಾಕೀಟು. ಅದು ಡಬ್ಬಿಯಲ್ಲಿ ಒಡೆದು ನಾನು ಮೂರು ಸಲ ತೊಳೆದೆ. ಹೀಗೇ ಒಂದು ದಿನ ಡಬ್ಬಿಯ ತಳದಲ್ಲಿ ಹತ್ತರ ನೋಟುಗಳು ಇದ್ದವು, ಮಡಚಿ ಕರವಸ್ತ್ರದಲ್ಲಿ ಕಟ್ಟಿದ್ದು.

ಫೋನು ಹಚ್ಚಿ ಬೈದೆ. "ಇದೇನಿದು? ನಾನೇನು ಖಾನಾವಳಿ ಇಟ್ಟೀನೇನು?"

ಮೊಮ್ಮಗಳು ಹೇಳಿದಳು, "ನಾನೂ ಬ್ಯಾಡ ಅಂದೆ ಆಯಿ. ಡಬ್ಬಿ ಖಾಲಿ ಕಳಸಬಾರದು, ಹಾಕಾಕ ನಮ್ಮ ಹತ್ತಿರ ಬ್ಯಾರೆ ಏನೂ ಇಲ್ಲ ಅಂತಾರ."

ತಿರುಗಿ ಕಳಿಸಿದರೆ ಹುಡುಗಿಯರಿಗೆ ಅವಮಾನ. ಆ ದುಡ್ಡಿಗೆ ಶೇಂಗಾ ತಂದು ಹುರಿದು, ಹಿಂಡಿ ಕುಟ್ಟಿ ಅವರಿಗೇ ಕಳಿಸಿದೆ. ಹಾಗೆ ಆಗಾಗ ಬರುತ್ತಿತ್ತು, ಆಗಾಗ ಶೇಂಗಾ ಆಗಿ ಹೋಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಕಂಪನಿ ಹೊಸ ಮ್ಯಾನೇಜರನನ್ನು ಕಳಿಸಿತು. ಹೈದರಾಬಾದಿನವನು, ಸಣ್ಣ ವಯಸ್ಸು, ಅಂಗಿಯ ಮೇಲೆ ಕಂಪನಿಯ ಗುರುತು. ಮೆಸ್ಸಿನಲ್ಲಿ ಅನ್ನ ಯಾಕೆ ಉಳಿಯುತ್ತದೆ ಎಂದು ಅವನು ಹುಡುಕಲು ಹೊರಟ. ಅನ್ನದ ರುಚಿ ನೋಡುವುದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ. ಕೊನೆಗೆ ಗೇಟಿಗೆ ಬಂದು ನಿಂತು, ಬರುವ ಹೋಗುವ ಚೀಲ ಬಿಚ್ಚಿಸತೊಡಗಿದ.

ಗೇಟಿನ ವಾಚ್‌ಮನ್ ಕಲಬುರಗಿಯ ಮೋಮಿನಪುರದ ವಯಸ್ಸಾದ ಸಾಬರು. ಬುತ್ತಿ ಬಂದರೆ ನೆರಳಿನಲ್ಲಿ ಎತ್ತಿಟ್ಟು, ಇರುವೆ ಹತ್ತದ ಹಾಗೆ ಸುತ್ತ ನೀರು ಚಿಮುಕಿಸುವ ಮನುಷ್ಯ. ಆ ಮಧ್ಯಾಹ್ನ ಆಟೋದವನಿಗೆ ಕೊಡಲು ಖಾಲಿ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಮ್ಯಾನೇಜರ್ ಬಂದು ಒಂದೊಂದನ್ನೇ ತೆರೆಸಿದ. ನನ್ನ ಸೀರೆಯ ತುಂಡು ಸುತ್ತಿದ ಡಬ್ಬಿಯಲ್ಲಿ ಕರವಸ್ತ್ರ, ಕರವಸ್ತ್ರದಲ್ಲಿ ನೋಟು.

ಆಮೇಲೆ ಸಾಬರು ನನಗೆ ಹೇಳಿದರು: "ಅಮ್ಮಾ, ಖುದಾ ಕಸಮ್, ಅವ ಬಾಜೂಕ ನಿಂತಿದ್ದ. ಇಲ್ಲಂದ್ರ ನಾ ಯಾಕ ಬಿಚ್ತಿದ್ದೆ? ಬುತ್ತಿ ಡಬ್ಬಿ ತಲಾಶ್ ಮಾಡೂದು ನಾ ಎಲ್ಲೂ ನೋಡಿಲ್ಲ."

ಮೊಮ್ಮಗಳು ಹಾಸ್ಟೆಲಿನಲ್ಲಿ ಊಟದ ವ್ಯಾಪಾರ ಮಾಡುತ್ತಿದ್ದಾಳೆ ಎಂದು ಆಯಿತು. ಒಳಗೆ ವ್ಯಾಪಾರ ಮಾಡಿದವರ ಮಂಚ ತೆಗೆಯುವುದು ಅಲ್ಲಿಯ ನಿಯಮವಂತೆ. ಮನೆಯವರನ್ನು ಕರೆಸಿದರು. ಮಗ ಗೊನೆ ಹೇರಿಕೊಂಡು ಹೋಗಿದ್ದ, ಸೊಸೆ ಬಾಳೆತೋಟದ ಕೂಲಿಗೆ. ನಾನು ಹೋದೆ.

ಹಾಸ್ಟೆಲಿನ ಆಫೀಸಿನಲ್ಲಿ ಥಂಡಿ ಗಾಳಿಯ ಮೆಷಿನ್ನು ಇತ್ತು. ಮೇಜಿನ ಹಿಂದೆ ಮ್ಯಾನೇಜರ್. ಪಕ್ಕದಲ್ಲಿ ವಿಶ್ವವಿದ್ಯಾಲಯದ ಕಡೆಯಿಂದ ಬಂದ ಒಬ್ಬ ಸಾಹೇಬ, ನಮ್ಮ ಕಡೆಯ ಮಾತಿನವನು. ಗೋಡೆಗೆ ಅಂಟಿಕೊಂಡು ಮೊಮ್ಮಗಳು. ಇನ್ನೊಂದು ಕಡೆ ಆ ಆಳಂದದ ಹುಡುಗಿ, ಅವಳ ಜೊತೆ ಅವಳ ಅಪ್ಪ. ಮುಂದಿನ ಭಾಗದ ಹುಡುಗಿಯರ ಮನೆಗಳಿಗೆಲ್ಲ ಕಂಪನಿಯವರು ಫೋನು ಮಾಡಿದ್ದರಂತೆ. ಬಂದವನು ಇವನೊಬ್ಬನೇ.

"ಅಮ್ಮಾ, ನೀವು ಊಟ ಕಳಿಸ್ತೀರಿ?" ಎಂದ ಮ್ಯಾನೇಜರ್. ಅವನ ಕನ್ನಡ ಅಷ್ಟಕ್ಕಷ್ಟೇ.

"ಕಳಸ್ತೀನಿ."

"ಪೈಸಾ ತಗೋತೀರಿ?"

"ಡಬ್ಬಿ ಖಾಲಿ ಕಳಸಬಾರದು ಅಂತ ಹುಡುಗ್ಯಾರು ಹಾಕ್ತಾರ. ನಾ ಕೇಳಿಲ್ಲ."

"ಆ ಪೈಸಾ ಏನು ಮಾಡಿದಿರಿ?"

"ಶೇಂಗಾ ತಂದೆ."

ಅವನು ಸಾಹೇಬನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಸಾಹೇಬ ತಲೆ ಕೆರೆದುಕೊಂಡ. "ಆಯೀ, ಅವರೇನಂತಾರ ಅಂದ್ರ, ರೊಕ್ಕಾ ತಗೊಂಡು ಕಚ್ಚಾ ಮಾಲ ಖರೀದಿ ಮಾಡಿದ್ರ ಅದು ವ್ಯಾಪಾರ ಆತಂತ."

"ನಿಮ್ಮ ಮನಿಗೆ ಬಾಜೂದವರು ಸಾರು ಕೊಟ್ಟ ಬಟ್ಟಲದಾಗ ನೀವು ಸಕ್ಕರಿ ಹಾಕಿ ಕೊಡ್ತೀರಿ ಹೌದಲ್ರೀ? ನೀವೂ ಸಕ್ಕರಿ ವ್ಯಾಪಾರ ಮಾಡ್ತೀರೇನು?"

ಸಾಹೇಬನಿಗೆ ನಗು ಬಂತು. ಆಳಂದದ ಹುಡುಗಿಯ ಅಪ್ಪನ ಕಡೆ ನೋಡಿ ಅದನ್ನು ನುಂಗಿಕೊಂಡ.

"ನಾ ನಿಮ್ಮ ಮಾತು ಒಪ್ತೀನಿ" ಎಂದ, "ಆದ್ರ ಏನು ಮಾಡೂದು, ಜಾಗಾ ನಮ್ಮದು, ಕೀಲಿ ಅವರ ಕೈಯಾಗ ಅದ. ಒಳಗಿನ ಶಿಸ್ತು ಕಂಪನೀದು ಅಂತ ಕರಾರಿನ್ಯಾಗ ಬರದದ."

ಮ್ಯಾನೇಜರನನ್ನು ಕೇಳಿದರೆ ಅವನು ಅದೇ ಕರಾರು ತೋರಿಸಿದ. ಕರಾರು ಬರೆದದ್ದು ವಿಶ್ವವಿದ್ಯಾಲಯ, ನಾವು ಪಾಲಿಸುತ್ತೇವೆ ಅಷ್ಟೇ ಎಂದ. ಇಬ್ಬರೂ ಸಿಟ್ಟಾಗಲಿಲ್ಲ, ಇಬ್ಬರೂ ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ.

ಆಗ ಮೊಮ್ಮಗಳು ಬಾಯಿ ಬಿಟ್ಟಳು. ಆಳಂದದ ಹುಡುಗಿಯ ಕಡೆ ಕೈ ತೋರಿಸಿ, "ಇಕಿನ್ನ ಕೇಳ್ರಿ ಸರ್. ದಿನಾ ನನ್ನ ತಾಟಿನ್ಯಾಗೇ ಉಂಡಾಳ. ನಾ ಮಾರೀನೋ ಕೊಟ್ಟೀನೋ ಇಕಿ ಹೇಳ್ತಾಳ" ಎಂದಳು.

ಹುಡುಗಿಯ ಅಪ್ಪ ಮಗಳ ಕಡೆ ತಿರುಗಿದ. ಅವನು ಕೆಟ್ಟ ಮುಖದವನಲ್ಲ. ನನ್ನನ್ನು ಕಂಡು ಕುರ್ಚಿ ಬಿಟ್ಟು ಎದ್ದಿದ್ದವನು. ಈಗ ನನ್ನನ್ನು ನೋಡಿದ, ಮೊಮ್ಮಗಳನ್ನು ನೋಡಿದ, "ಖರೇ ಏನು? ಒಂದೇ ತಾಟಿನ್ಯಾಗ?" ಎಂದು ಮೆಲ್ಲನೆ ಕೇಳಿದ.

ಹುಡುಗಿಯ ಕಣ್ಣು ನೆಲದಲ್ಲಿತ್ತು. "ಇಲ್ಲಪ್ಪಾ" ಎಂದಳು. "ನಾ ರೊಕ್ಕಾ ಕೊಟ್ಟು ತಗೋತಿದ್ದೆ. ರೊಟ್ಟಿ ಕೇಂದ್ರದಿಂದ ತರಸ್ತಾಳ ಅಂದ್ಕೊಂಡಿದ್ದೆ."

ಅಪ್ಪನ ಹೆಗಲು ಇಳಿಯಿತು. ಉಸಿರು ಬಿಟ್ಟ. ಅದನ್ನು ನಾನು ಕಂಡೆ, ಸಾಹೇಬನೂ ಕಂಡ. ಮ್ಯಾನೇಜರನಿಗೆ ಏನೂ ತಿಳಿಯಲಿಲ್ಲ, ಅವನು ಅವಳ ಮಾತನ್ನು ಬರೆದುಕೊಂಡ.

ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಲಬುರಗಿಯ ಜಗತ್ ಸರ್ಕಲ್ಲಿನ ಖಾನಾವಳಿಯಲ್ಲಿ ಕೂತು ತಿನ್ನುವವರು ಒಳಗೆ ರೊಟ್ಟಿ ಬಡಿಯುವವಳು ಯಾರೆಂದು ಕೇಳುವುದಿಲ್ಲ. ಹಣ ಕೊಟ್ಟರೆ ಅದು ಅಂಗಡಿಯ ಸರಕು. ಕೊಡದೆ ತಿಂದರೆ ಅದು ನನ್ನ ಮನೆಯ ಊಟ. ಸರಕು ತಿಂದೆ ಎಂದು ಹೇಳಿ ಆ ಹುಡುಗಿ ಊರಿಗೆ ಹೋಗಿ ಅಜ್ಜನ ಪಂಕ್ತಿಯಲ್ಲಿ ಕೂಡಬಹುದು. ಊಟ ಮಾಡಿದೆ ಎಂದು ಹೇಳಿದರೆ ಕೂಡುವ ಹಾಗಿಲ್ಲ. ಅವಳು ಹೆದರಿದ್ದಳು. ಹೆದರಿದವಳು ತನ್ನ ಮನೆಯನ್ನು ಉಳಿಸಿಕೊಂಡಳು, ನಮ್ಮ ಹುಡುಗಿಯ ಮಂಚ ಹೋಯಿತು.

ಮೊಮ್ಮಗಳು ಅಳಲಿಲ್ಲ. ಆ ಹುಡುಗಿಯ ಹತ್ತಿರ ಹೋಗಿ, "ಕೊಂಡಿದ್ದೀಯೇನ ನೀ?" ಎಂದು ಕೇಳಿದಳು. ಅಪ್ಪ ಮಗಳು ಹೊರಗೆ ಹೋದರು.

ಸಾಹೇಬ ಒಂದು ದಾರಿ ಹುಡುಕಿದ. ಅದನ್ನು ಅವನ ಒಳ್ಳೆಯತನ ಎಂದೇ ಹೇಳುತ್ತೇನೆ. ಹಾಸ್ಟೆಲಿನಲ್ಲಿ ರೊಟ್ಟಿ ವ್ಯಾಪಾರ ಮಾಡಿದ್ದು ತಪ್ಪಾಯಿತು, ಇನ್ನು ಮಾಡುವುದಿಲ್ಲ ಎಂದು ಹುಡುಗಿ ಬರೆದು ಸಹಿ ಮಾಡಲಿ, ಈ ಒಂದು ಸಲ ಬಿಟ್ಟುಬಿಡಿ ಎಂದು ಮ್ಯಾನೇಜರನಿಗೆ ಹೇಳಿದ. ಮ್ಯಾನೇಜರ್ ಆಗಲಿ ಎಂದು ಕಾಗದ ಸರಿಸಿದ.

"ಮಾಡು ಸೈ" ಎಂದೆ ನಾನು.

"ನೀ ಮಾರಿದ್ದೇನು ಆಯಿ?"

"ಇಲ್ಲ."

"ಮತ್ತ ನಾ ಯಾಕ ಮಾರೀನಿ ಅಂತ ಬರೀಲಿ?"

"ಬರದ್ರ ಮಂಚ ಉಳೀತದ. ಬಾಟ್ಲಿ ಉಳೀತಾವ. ಕಾಗದ ಏನು ನಿನ್ನ ಮೈಗೆ ಹತ್ತಕೊಂಡು ಇರ್ತದೇನು? ಬರಿ."

"ಬರದ್ರ ಅಕಿ ಹೇಳಿದ್ದು ಖರೇ ಆಗ್ತದ."

"ಆದ್ರ ಆಗ್ಲಿ. ನಿನಗ ಅಕಿ ಬೇಕೋ, ಪರೀಕ್ಷಾ ಬೇಕೋ?"

ಅವಳು ನನ್ನನ್ನು ನೋಡಿದ ನೋಟ ನನಗೆ ಹಿಡಿಸಲಿಲ್ಲ. ನಾನೂ ಆ ಮೇಜಿನ ಆಚೆಗೆ ಕೂತವಳು ಎನ್ನುವ ಹಾಗೆ ನೋಡಿದಳು. ಪೆನ್ನನ್ನು ಮೇಜಿನ ಮೇಲೆ ಇಟ್ಟು, "ಟ್ರಂಕ್ ತರ್ತೀನಿ" ಎಂದು ಒಳಗೆ ಹೋದಳು.

ಸಾಬರು ಟ್ರಂಕನ್ನು ಹೊತ್ತು ಆಟೋದವರೆಗೆ ತಂದರು. ಮೋಮಿನಪುರದಲ್ಲಿ ತಮ್ಮ ತಂಗಿಯ ಮನೆಯ ಮೇಲೆ ಒಂದು ಕೋಣೆ ಇದೆ, ಯಾರು ಏನು ಎಂದು ಕೇಳುವುದಿಲ್ಲ, ಹುಡುಗಿ ಇರಲಿ ಎಂದರು. ಆ ಮಾತನ್ನು ಮನೆಗೆ ತಂದು ಮಗನ ಮುಂದೆ ಇಟ್ಟೆ.

"ಒಬ್ಬಾಕೀನ್ನ ನಾ ಇಡಂಗಿಲ್ಲ" ಎಂದ.

"ನಾ ಹೋಗಿ ಇರ್ತೀನಿ ಅಕಿ ಜೋಡಿ."

"ನೀ ಹೋದ್ರ ಇಲ್ಲಿ ರೊಟ್ಟಿ ಯಾರು ಬಡೀಬೇಕು? ಆಡು ಯಾರು ನೋಡಬೇಕು? ಇಕಿ ಕೂಲಿ ಬಿಡಬೇಕೇನು?" ಎಂದು ಹೆಂಡತಿಯ ಕಡೆ ತೋರಿಸಿದ. ಸೊಸೆಯ ಕೂಲಿ ನಿಂತರೆ ಕೆಳಗಿನ ಇಬ್ಬರು ಮಕ್ಕಳ ಶಾಲೆ ನಿಲ್ಲುತ್ತದೆ. ಅದು ನನಗೂ ಗೊತ್ತು. ಆ ಮಾತು ಅಲ್ಲಿಗೇ ಮುಗಿಯಿತು.

ಎರಡು ತಿಂಗಳು ಮೊಮ್ಮಗಳು ಬಸ್ಸಿನಲ್ಲಿ ಹೋಗಿ ಬಂದಳು. ಕತ್ತಲಾಗುವ ಮೊದಲು ಮನೆಯಲ್ಲಿರಬೇಕು ಎಂಬುದು ಅಪ್ಪನ ಕರಾರು. ಗಾಜಿನ ಪೆಟ್ಟಿಗೆಯ ಪಾಳಿ ಬರುವ ಹೊತ್ತಿಗೆ ಅವಳು ಬಸ್ ನಿಲ್ದಾಣದಲ್ಲಿ ಇರುತ್ತಿದ್ದಳು. ಕಲಿಸುವ ಮೇಡಮ್ಮು ಪಾಪ ಒಂದೆರಡು ಸಲ ಮಧ್ಯಾಹ್ನ ಪೆಟ್ಟಿಗೆ ಬಿಡಿಸಿಕೊಟ್ಟರು, ದೊಡ್ಡ ಓದಿನವರು ಗೊಣಗಿದರು, ಮೇಡಮ್ಮೂ ಕೈಬಿಟ್ಟರು. ಬಾಟಲಿಯ ಸಸಿಗಳನ್ನು ಹೊತ್ತಿಗೆ ಸರಿಯಾಗಿ ಬಿಡಿಸಿ ಬೇರೆ ಬಾಟಲಿಗೆ ಹಾಕಬೇಕಂತೆ. ಹಾಕದಿದ್ದರೆ ತಮ್ಮ ಬೇರಿನಲ್ಲೇ ತಾವು ಕಪ್ಪಾಗುತ್ತವೆ. ಮೊದಲು ಒಂದಕ್ಕೆ ಬೂಷ್ಟು ಬಂತು, ಆಮೇಲೆ ಆ ಸಾಲಿಗೆಲ್ಲ. ಫೋನಿನಲ್ಲಿ ಚಿತ್ರ ತೋರಿಸಿದಳು. ಹತ್ತಿ ಬಿಚ್ಚಿ ತುಂಬಿದ ಹಾಗಿತ್ತು, ಬೆಳ್ಳಗೆ, ಅದರ ನಡುವೆ ಹಸಿರಿನ ಒಂದು ಚುಕ್ಕಿ.

ಸಂಕ್ರಾಂತಿಯ ಹೊತ್ತಿಗೆ ಸಾಬರ ಫೋನು ಬಂತು. ಹಿಂದಿನ ಸಾಲಿನ ಆ ಮಂಚದ ಮೇಲೆ ಈಗ ಹೊರಗಿನ ಕೋಚಿಂಗ್ ಕ್ಲಾಸಿನ ಹುಡುಗಿ ಇದ್ದಾಳೆ, ಮುಂದಿನ ಭಾಗದ ಬಾಡಿಗೆಯನ್ನೇ ಕೊಡುತ್ತಾಳೆ ಎಂದರು. ವರ್ಷದ ನಡುವೆ ಬಡವರ ಮಂಚ ಖಾಲಿಯಾದರೆ ಕಂಪನಿ ಅದನ್ನು ಯಾರಿಗೆ ಬೇಕಾದರೂ ಕೊಡಬಹುದಂತೆ. ಅದೂ ಕರಾರಿನಲ್ಲಿ ಇದೆಯಂತೆ. ಅದಕ್ಕಾಗಿಯೇ ಇಷ್ಟೆಲ್ಲ ಮಾಡಿದರೋ, ಮಾಡಿದ ಮೇಲೆ ಅದೂ ಸಿಕ್ಕಿತೋ ನನಗೆ ಗೊತ್ತಿಲ್ಲ. ಮಗನಿಗೆ ಹೇಳಿದೆ. "ಗೊತ್ತಾಗಿ ಏನು ಮಾಡೂದದ?" ಎಂದ.

ಪರೀಕ್ಷೆ ಹತ್ತಿರ ಬಂದಾಗ, ಸಂಜೆಯ ಪಾಳಿ ತಪ್ಪಿದ್ದಕ್ಕೆ ಹಾಜರಿ ಸಾಲದು, ಪ್ರಯೋಗದ ಕೆಲಸವೂ ಮುಗಿದಿಲ್ಲ, ಈ ವರ್ಷ ಕೂಡುವ ಹಾಗಿಲ್ಲ ಎಂದರು. ಮತ್ತೆ ನಾನೇ ಜೊತೆಗೆ ಹೋದೆ. ವಿಶ್ವವಿದ್ಯಾಲಯದ ಆಫೀಸಿನಲ್ಲಿ ಕೂತಿದ್ದವನು ಅದೇ ಸಾಹೇಬ. ನಮ್ಮನ್ನು ಗುರುತು ಹಿಡಿದ, ನೀರು ತರಿಸಿಕೊಟ್ಟ.

"ಅವತ್ತು ಕೀಲಿ ನಿಮ್ಮ ಕೈಯಾಗ ಇಲ್ಲ ಅಂದ್ರಿ. ಇವತ್ತು ಯಾರ ಕೈಯಾಗ ಅದ?" ಎಂದೆ.

"ಇದು ನಮ್ಮದೇರಿ ಆಯೀ."

"ಹಂಗಾದ್ರ ತೆರೀರಿ."

"ನಿಯಮ ಅದರೀ. ಒಬ್ಬರಿಗೆ ಬಿಟ್ರ ಎಲ್ಲಾರೂ ಬರ್ತಾರ. ಮುಂದಿನ ವರ್ಷ ಮತ್ತ ಕೂಡ್ಲಿ, ಹುಡುಗಿ ಶ್ಯಾಣೇ ಇದ್ದಾಳ." ಹೀಗೆ ಹೇಳಿ ಮೊಮ್ಮಗಳಿಗೆ, "ಅವತ್ತು ಸೈ ಮಾಡಿದ್ರ ಆಗಿಹೋಗ್ತಿತ್ತವ್ವಾ" ಎಂದ.

ಮರಳಿ ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಇಬ್ಬರೂ ಕಂಬ ಹಿಡಿದು ನಿಂತಿದ್ದೆವು. ಊರ ಹೊರಗಿನ ರಸ್ತೆಗೆ ಬಿದ್ದ ಮೇಲೆ ಅವಳು ಕೇಳಿದಳು.

"ಆಯಿ, ಸೈ ಮಾಡಬೇಕಿತ್ತೇನು ನಾ?"

"ಹೌದು."

"ಈಗೂ ಹಂಗೇ ಅಂತೀಯೇನು?"

"ಈಗೂ ಅಂತೀನಿ. ನೀ ಕೇಳಿದಿ, ಹೇಳಿದೆ."

"ಈಗ ಕೊಟ್ರೂ ಮಾಡಂಗಿಲ್ಲ ನಾ."

"ಗೊತ್ತದ" ಎಂದೆ.

ಅವಳ ಕೈಯ ಪಕ್ಕದಲ್ಲೇ ನನ್ನ ಕೈ ಇತ್ತು, ಅದೇ ಕಂಬದ ಮೇಲೆ. ಇಬ್ಬರಲ್ಲಿ ಯಾರ ಮಾತು ಸರಿ ಎಂದು ನಾನು ಯೋಚಿಸುತ್ತ ಕೂರುವವಳಲ್ಲ. ನನ್ನ ಮಾತು ಕೇಳಿದ್ದರೆ ಅವಳು ಪರೀಕ್ಷೆಗೆ ಕೂಡುತ್ತಿದ್ದಳು. ಅಷ್ಟು ಮಾತ್ರ ನನಗೆ ಗೊತ್ತು.

ಈಗ ಅವಳು ಮನೆಯಲ್ಲಿದ್ದಾಳೆ. ಬೆಳಿಗ್ಗೆ ಅವ್ವನ ಜೊತೆ ಬಾಳೆತೋಟದ ಕೂಲಿಗೆ ಹೋಗುತ್ತಾಳೆ, ಸಂಜೆ ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಆಳಂದದ ಹುಡುಗಿ ಒಮ್ಮೆ ನನಗೆ ಫೋನು ಮಾಡಿದ್ದಳು. "ಆಜೀ" ಎಂದಷ್ಟೇ ಅಂದಳು. ಬೈಯಲು ಬಾಯಿ ಬರಲಿಲ್ಲ, ಹೇಗಿದ್ದೀ ಎಂದು ಕೇಳಲೂ ಮನಸ್ಸಾಗಲಿಲ್ಲ. ಅವಳೇ ಫೋನು ಇಟ್ಟಳು. ಮೊಮ್ಮಗಳಿಗೆ ಹೇಳಿದೆ. ಅವಳು ಪಾತ್ರೆ ಬೆಳಗುತ್ತಿದ್ದಳು, ಬೆಳಗುತ್ತಲೇ ಇದ್ದಳು.

ಬರುವ ವರ್ಷ ಮತ್ತೆ ಕೂರುತ್ತೇನೆ ಎನ್ನುತ್ತಾಳೆ. ಹೊಸದಾಗಿ ಕಂದು ಕತ್ತರಿಸಿ, ಹೊಸದಾಗಿ ಬಾಟಲಿಗೆ ಹಾಕಿ, ಮೊದಲಿನಿಂದ ಎಲ್ಲವನ್ನೂ ಮಾಡುತ್ತಾಳಂತೆ. ಮೇಡಮ್ಮು ಬಾ ಎಂದಿದ್ದಾರೆ. ಉಣ್ಣುವಾಗ ಅವಳು ಈ ಮಾತು ತೆಗೆದರೆ ಮಗ ತುತ್ತು ಕೈಯಲ್ಲೇ ಹಿಡಿದು, "ಇರೂದು ಎಲ್ಲಿ?" ಎಂದು ಕೇಳುತ್ತಾನೆ. ಸಿಟ್ಟಿನಿಂದಲ್ಲ, ಕೇಳಬೇಕಾದದ್ದನ್ನೇ ಕೇಳುತ್ತಾನೆ. ಅವಳು ನನ್ನ ಕಡೆ ನೋಡುತ್ತಾಳೆ. ನಾನು ರೊಟ್ಟಿಯನ್ನು ಹೆಂಚಿನ ಮೇಲೆ ತಿರುವಿ ಹಾಕುತ್ತೇನೆ.